ಅವಳಿ ಭಾಗ್ಯ: ಬೋರ್ಡಿನಲ್ಲಿ ಬರೆಯದ ಮಾತು

ಬಾಳೆಹಣ್ಣಿನ ಅಂಗಡಿಯವರಿಗೆ ಈ ವಿಷಯ ಚೆನ್ನಾಗಿ ಗೊತ್ತು. ಚಿಪ್ಪಿನಲ್ಲಿ ಎರಡು ಹಣ್ಣು ಅಂಟಿಕೊಂಡು ಬೆಳೆದಿದ್ದರೆ ಹೊಸದಾಗಿ ಮದುವೆಯಾದ ಹುಡುಗಿಯ ಕೈಗೆ ಅದನ್ನು ಕೊಡುವಂತಿಲ್ಲ. ಕೊಟ್ಟರೂ ಜೊತೆಯಲ್ಲಿ ಬಂದ ಅತ್ತೆ ಅದನ್ನು ಕಿತ್ತು ವಾಪಸು ಇಡುತ್ತಾಳೆ. "ಜೋಡಿ ಹಣ್ಣು ತಿಂದ್ರೆ ಅವಳಿ-ಜವಳಿ ಆಗ್ತವೆ, ಬ್ಯಾಡ ಕಣವ್ವ" ಎಂಬ ಮಾತು ಸಂತೆಯಲ್ಲಿ ಇನ್ನೂ ಕೇಳಿಬರುತ್ತದೆ. ಹಣ್ಣಿಗೂ ಬಸುರಿಗೂ ಸಂಬಂಧವಿಲ್ಲ, ನಿಜ. ಆದರೆ ಆ ಮಾತಿನ ಹಿಂದೆ ಇದ್ದ ಭಯ ಸುಳ್ಳಲ್ಲ. ಸೂಲಗಿತ್ತಿಯ ಕೈಯಲ್ಲಿ ಹೆರಿಗೆಯಾಗುತ್ತಿದ್ದ ಕಾಲದಲ್ಲಿ ಅವಳಿ ಹುಟ್ಟಿದ ಎಷ್ಟೋ ಮನೆಗಳಲ್ಲಿ ತೂಗಿದ್ದು ಒಂದೇ ತೊಟ್ಟಿಲು. ಇನ್ನೊಂದು ಕೂಸು ಹಿತ್ತಲ ಮಣ್ಣು ಸೇರುತ್ತಿತ್ತು. ಅಜ್ಜಿಯರು ಅದನ್ನು ಕಣ್ಣಾರೆ ಕಂಡವರು.

ಈಗ ಕಾಲ ತಿರುಗಿದೆ. ಯಾವುದೇ ಜಿಲ್ಲಾ ಕೇಂದ್ರದ ಬಸ್ ನಿಲ್ದಾಣದಲ್ಲಿ ಇಳಿದು ತಲೆಯೆತ್ತಿದರೆ ಬಟ್ಟೆ ಅಂಗಡಿ, ಕೋಚಿಂಗ್ ಸೆಂಟರುಗಳ ಬೋರ್ಡುಗಳ ನಡುವೆ ಮಕ್ಕಳಾಗುವ ಚಿಕಿತ್ಸೆಯ ಬೋರ್ಡೂ ಕಾಣುತ್ತದೆ. ಬಿಳಿ ಟವೆಲ್ಲಿನಲ್ಲಿ ಸುತ್ತಿದ ದುಂಡನೆಯ ಕೂಸು. ಕೆಲವು ಬೋರ್ಡುಗಳಲ್ಲಿ ಒಂದಲ್ಲ, ಎರಡು. ನೋಡಿದ ಯಾರಿಗೇ ಆದರೂ ಮನಸ್ಸು ಕರಗುವಂಥ ಚಿತ್ರ. ಜೋಡಿ ಹಣ್ಣಿಗೆ ಹೆದರುತ್ತಿದ್ದ ಅದೇ ಮನೆತನದವರು ಈಗ ಡಾಕ್ಟರ ಮುಂದೆ ಕುಳಿತು, "ದುಡ್ಡು ಹೆಂಗೂ ಖರ್ಚಾಗ್ತಿದೆ, ಒಂದೇ ಸಲಕ್ಕೆ ಎರಡು ಮಾಡಿಕೊಟ್ಟುಬಿಡಿ" ಎಂದು ಕೇಳುತ್ತಾರೆ. ಒಂದು ಸೀರೆ ಕೊಂಡರೆ ಇನ್ನೊಂದು ಉಚಿತ ಎಂಬ ಆಷಾಢದ ಸೇಲಿನ ಲೆಕ್ಕ ಗರ್ಭಕ್ಕೂ ಬಂದಂತಾಯಿತು.

ಆ ಬೋರ್ಡು ಹೇಳದ ಮಾತೊಂದಿದೆ. ಅವಳಿ ಮಕ್ಕಳು ಬೇಗ ಹುಟ್ಟುತ್ತವೆ. ಒಂಟಿ ಬಸುರಿಗೆ 40 ವಾರದ ಲೆಕ್ಕ; 37 ವಾರ ತುಂಬಿದರೆ ದಿನ ತುಂಬಿದಂತೆ. ಅವಳಿ ಬಸುರು ಸರಾಸರಿಯಲ್ಲಿ 35, 36 ವಾರಕ್ಕೇ ಮುಗಿದುಹೋಗುತ್ತದೆ. ಲೆಕ್ಕ ಸರಿಯಾಗಿ ಇಡುವ ಅಮೆರಿಕದಂಥ ದೇಶದಲ್ಲಿ 10 ಅವಳಿಗಳಲ್ಲಿ ಸುಮಾರು 6 ಮಕ್ಕಳು 37 ವಾರದೊಳಗೆ ಹುಟ್ಟುತ್ತವೆ. ಹತ್ತರಲ್ಲಿ ಒಂದು 32 ವಾರವನ್ನೂ ಕಾಣುವುದಿಲ್ಲ. ಒಂಟಿಯಾಗಿ ಹುಟ್ಟುವ ಮಕ್ಕಳಲ್ಲಿ ಅವಧಿಗೆ ಮುಂಚೆ ಬರುವವು ಅಲ್ಲಿ ಹತ್ತಕ್ಕೆ ಒಂದೂ ಇಲ್ಲ.

ಚಿಕಿತ್ಸೆಯಿಂದಾದ ಅವಳಿಗಳಿಗೆ ಈ ಅಪಾಯ, ತಾನಾಗಿ ಆದ ಅವಳಿಗಳಿಗಿಂತ ಒಂದಿಷ್ಟು ಹೆಚ್ಚೇ ಎಂದು ಹಲವು ಅಧ್ಯಯನಗಳು ಹೇಳುತ್ತವೆ. ಆದರೆ ನಿಜವಾದ ವ್ಯತ್ಯಾಸ ಬೇರೆ. ತಾನಾಗಿ ಆದ ಅವಳಿ ದೇವರು ಕೊಟ್ಟಿದ್ದು ಎನ್ನಬಹುದು. ಚಿಕಿತ್ಸೆಯ ಅವಳಿಯನ್ನು ಬಹಳ ಸಲ ತಪ್ಪಿಸಬಹುದಾಗಿತ್ತು. ಆ ತೀರ್ಮಾನ ಆಗುವುದು ಆಸ್ಪತ್ರೆಯ ಕೋಣೆಯಲ್ಲಿ, ಒಂದೈದು ನಿಮಿಷದಲ್ಲಿ. ಎಷ್ಟೋ ಸಲ ಗಂಡ ಹೆಂಡಿರಿಗೆ ಅಲ್ಲೊಂದು ತೀರ್ಮಾನ ಆಯಿತೆಂಬುದೇ ತಿಳಿದಿರುವುದಿಲ್ಲ.

ಇದು ಹೇಗೆಂದು ಸ್ವಲ್ಪ ಬಿಡಿಸಿ ಹೇಳಬೇಕು. ಹೆಂಗಸಿನ ದೇಹದಲ್ಲಿ ಸಾಮಾನ್ಯವಾಗಿ ತಿಂಗಳಿಗೆ ಒಂದು ಅಂಡ ಪಕ್ವವಾಗುತ್ತದೆ. ಮಕ್ಕಳಾಗದವರಿಗೆ ಮೊದಲು ಕೊಡುವುದು ಅಂಡ ಬೆಳೆಸುವ ಮಾತ್ರೆ. ಅದರಲ್ಲಿ ಹಳೆಯದು ಕ್ಲೋಮಿಫೀನ್. ಅದನ್ನು ತೆಗೆದುಕೊಂಡು ಬಸುರಾದವರಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿಗೆ ಅವಳಿ. ತಾನಾಗಿ ಆಗುವ ಅವಳಿ ಭಾರತದಲ್ಲಿ ನೂರಕ್ಕೆ ಒಂದರ ಆಸುಪಾಸು. ಮಾತ್ರೆಗೆ ಬಗ್ಗದಿದ್ದರೆ ಇಂಜೆಕ್ಷನ್. ಅದರಲ್ಲಿ ಒಮ್ಮೆಗೇ ಮೂರು ನಾಲ್ಕು ಅಂಡ ಹಣ್ಣಾಗುವುದುಂಟು. ಅವಳಿ, ತ್ರಿವಳಿಗಳ ಸಂಭವ ಇನ್ನೂ ಹೆಚ್ಚು. ಸ್ಕ್ಯಾನಿನಲ್ಲಿ ಇದು ಮೊದಲೇ ಕಾಣುತ್ತದೆ. ಕಂಡಾಗ "ಈ ತಿಂಗಳು ಬೇಡಮ್ಮ, ಮುಂದಿನ ತಿಂಗಳು ನೋಡೋಣ" ಎನ್ನುವ ಡಾಕ್ಟರು ನಿಜವಾದ ಡಾಕ್ಟರು. ಅಂಥವರನ್ನು ಬಿಟ್ಟು, "ಒಂದು ತಿಂಗಳ ದುಡ್ಡು ದಂಡ ಮಾಡಿದ್ರು" ಎಂದು ಬೈದುಕೊಂಡು ಬೇರೆ ಕಡೆ ಹೋಗುವವರೂ ಇದ್ದಾರೆ. ಸ್ಕ್ಯಾನೇ ಮಾಡದೆ ಮಾತ್ರೆ ಚೀಟಿ ಬರೆಯುವವರ ಬಗ್ಗೆ, ಚೀಟಿಯೂ ಇಲ್ಲದೆ ಮಾತ್ರೆ ಕೊಡುವ ಔಷಧಿ ಅಂಗಡಿಗಳ ಬಗ್ಗೆ ಏನು ಹೇಳುವುದು?

ಕೊನೆಯದು ಐವಿಎಫ್. ಹಿಂದೆ ಪತ್ರಿಕೆಗಳು ಪ್ರನಾಳ ಶಿಶು ಎಂದು ಕರೆಯುತ್ತಿದ್ದದ್ದು ಇದನ್ನೇ. 1978ರ ಜುಲೈನಲ್ಲಿ ಇಂಗ್ಲೆಂಡಿನಲ್ಲಿ ಲೂಯಿಸ್ ಬ್ರೌನ್ ಹುಟ್ಟಿದಳು. ಅದಾಗಿ ಮೂರು ತಿಂಗಳೊಳಗೆ ಕಲ್ಕತ್ತೆಯಲ್ಲಿ ಡಾ. ಸುಭಾಷ್ ಮುಖರ್ಜಿಯವರ ಕೈಯಲ್ಲಿ ದುರ್ಗಾ ಹುಟ್ಟಿದಳು. ಈ ಇಬ್ಬರೂ ಒಂಟಿ ಮಕ್ಕಳೇ. ಅವಳಿಗಳ ಸಾಲು ಶುರುವಾದದ್ದು ಆಮೇಲೆ. ಅಂಡ ಮತ್ತು ವೀರ್ಯವನ್ನು ಹೊರಗೆ ಕೂಡಿಸಿ, ಆದ ಭ್ರೂಣವನ್ನು ಗರ್ಭಕೋಶಕ್ಕೆ ಬಿಡುವ ಈ ವಿಧಾನದಲ್ಲಿ ಒಂದು ಬಿಟ್ಟರೆ ನಿಲ್ಲದೇ ಹೋದೀತು ಎಂದು ಎರಡು, ಮೂರು ಬಿಡುವ ಅಭ್ಯಾಸ ಬೆಳೆಯಿತು. ನಾಲ್ಕು ಕಾಳು ಬಿತ್ತಿದರೆ ಒಂದಾದರೂ ಮೊಳೆತೀತು ಎಂಬ ರೈತನ ಲೆಕ್ಕ ಇದು. ಹೊಲದಲ್ಲಿ ಹೆಚ್ಚಾದ ಸಸಿಯನ್ನು ಕೀಳಬಹುದು. ಇಲ್ಲಿ ಹಾಗಲ್ಲ. ಕ್ಯಾಲಿಫೋರ್ನಿಯಾದ ಡಾಕ್ಟರೊಬ್ಬ 12 ಭ್ರೂಣ ಬಿಟ್ಟು, 2009ರ ಜನವರಿಯಲ್ಲಿ ಒಬ್ಬಳೇ ತಾಯಿಗೆ ಎಂಟು ಮಕ್ಕಳು ಸುಮಾರು ಒಂಬತ್ತು ವಾರ ಮುಂಚೆ ಹುಟ್ಟಿದವು. ಜಗತ್ತು ಚಪ್ಪಾಳೆ ತಟ್ಟಿತು, ಆಮೇಲೆ ನಾಚಿತು. 2011ರಲ್ಲಿ ಆತನ ಲೈಸೆನ್ಸ್ ರದ್ದಾಯಿತು.

ಬೇಗ ಹುಟ್ಟಿದರೆ ಏನಾಯ್ತು, ಏಳು ತಿಂಗಳಿಗೆ ಹುಟ್ಟಿದ ಎಷ್ಟು ಜನ ಇಲ್ಲ, ಎನ್ನುವವರಿದ್ದಾರೆ. "ಏಳು ತಿಂಗಳ ಕೂಸು ಉಳೀತದೆ, ಎಂಟು ತಿಂಗಳದ್ದು ಉಳಿಯೋಲ್ಲ" ಎಂಬುದು ಹಳ್ಳಿ ಪೇಟೆ ಎನ್ನದೆ ಎಲ್ಲ ಕಡೆ ಚಲಾವಣೆಯಲ್ಲಿರುವ ಮಾತು. ಇದು ಪೂರಾ ತಲೆಕೆಳಗು. ಹೊಟ್ಟೆಯಲ್ಲಿ ಕಳೆಯುವ ಒಂದೊಂದು ವಾರವೂ ಮಗುವಿಗೆ ಲಾಭವೇ. 28 ವಾರಕ್ಕೆ ಹುಟ್ಟಿದ ಕೂಸು ಸುಮಾರು ಒಂದು ಕೆ.ಜಿ. ತೂಗುತ್ತದೆ, ಅಂಗಡಿಯ ಸಕ್ಕರೆ ಪೊಟ್ಟಣದಷ್ಟು. ಶ್ವಾಸಕೋಶದ ಒಳಗೋಡೆ ಅಂಟಿಕೊಳ್ಳದಂತೆ ನೋಡಿಕೊಳ್ಳುವ ಒಂದು ಬಗೆಯ ಪಸೆ ಇರುತ್ತದೆ. ಅದು ಸಾಕಷ್ಟು ಆಗುವುದು 34 ವಾರದ ಹೊತ್ತಿಗೆ. ಹಾಲು ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಒಟ್ಟಿಗೆ ಮಾಡುವ ಹದ ಬರುವುದೂ ಆಗಲೇ. ಅದಕ್ಕೆ ಮುಂಚೆ ಬಂದ ಮಗು ಉಸಿರಿಗೂ ಹಾಲಿಗೂ ಮೈಬಿಸಿಗೂ ಇನ್ನೊಬ್ಬರನ್ನು ನಂಬಬೇಕು. 32 ವಾರಕ್ಕೆ ಮುಂಚೆ ಬಂದದ್ದಕ್ಕೆ ಮೆದುಳಿನಲ್ಲಿ ರಕ್ತಸ್ರಾವದ ಭಯವೂ ಉಂಟು. ಉಳಿದ ಮಕ್ಕಳಲ್ಲಿ ಬಹುಪಾಲು ಚೆನ್ನಾಗಿಯೇ ಬೆಳೆಯುತ್ತವೆ. ಕೆಲವು ನಡೆಯುವುದು ತಡ, ಕೆಲವಕ್ಕೆ ಕಣ್ಣಿನ, ಕಿವಿಯ ತೊಂದರೆ. ಈ ಕಡೆಯ ಮಾತು ಯಾವ ಬೋರ್ಡಿಗೂ ಹಿಡಿಸುವುದಿಲ್ಲ.

ತಾಯಿಯ ಪಾಡೂ ಸುಲಭದ್ದಲ್ಲ. ಬಸುರಿಯಲ್ಲಿ ರಕ್ತದೊತ್ತಡ ಏರುವುದು, ಹೆರಿಗೆಯ ನಂತರ ರಕ್ತ ನಿಲ್ಲದಿರುವುದು ಅವಳಿಯಲ್ಲಿ ಹೆಚ್ಚು. ಕರ್ನಾಟಕದ ಬಸುರಿಯರಲ್ಲಿ ಅರ್ಧಕ್ಕೆ ಹತ್ತಿರದಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೇ ಹೇಳಿದೆ. ಒಬ್ಬರಿಗೇ ಸಾಲದ ರಕ್ತದಲ್ಲಿ ಇಬ್ಬರನ್ನು ಸಾಕಬೇಕು.

ಹಾಗೆಂದು ಮಕ್ಕಳಿಲ್ಲದ ದಂಪತಿಗಳನ್ನು ದೂರಿ ಫಲವಿಲ್ಲ. ಮದುವೆಯಾಗಿ ಮೂರು ವರ್ಷವಾದರೆ ಸಾಕು, ನಾಮಕರಣದ ಮನೆಯಲ್ಲಿ ಮಗುವನ್ನು ಆಕೆಯ ಕೈಗೆ ಕೊಡಲು ಹಿಂದೆಮುಂದೆ ನೋಡುವ ಸಮಾಜ ಇದು. ಗಂಡಸಿನ ಕಡೆಯ ಕೊರತೆಯೂ ಹೆಚ್ಚುಕಡಿಮೆ ಅರ್ಧದಷ್ಟು ಪ್ರಕರಣಗಳಲ್ಲಿ ಇರುತ್ತದೆ ಎಂಬುದನ್ನು ಯಾರೂ ಎತ್ತುವುದಿಲ್ಲ; ಬಂಜೆ ಎನ್ನಿಸಿಕೊಳ್ಳುವವಳು ಅವಳೊಬ್ಬಳೇ. ಹರಕೆ, ನಾಟಿ ಔಷಧ ಎಲ್ಲ ಮುಗಿಸಿ, ಒಡವೆ ಅಡವಿಟ್ಟು, ಒಂದೇ ಬಾರಿಗೆ ಆಗುವಷ್ಟು ದುಡ್ಡು ಹೊಂದಿಸಿಕೊಂಡು ಬಂದವರು ಎರಡು ಕೇಳಿದರೆ ಅದು ದುರಾಸೆಯಲ್ಲ. ಮತ್ತೊಂದು ಸಲ ಬರಲು ಕೈಯಲ್ಲಿ ಕಾಸಿಲ್ಲ, ವಯಸ್ಸೂ ಇಲ್ಲ ಎಂಬುದಷ್ಟೇ ಅವರ ವಾದ.

ಈ ವಾದಕ್ಕೆ ಉತ್ತರ ಸಿಕ್ಕಿ ಇಪ್ಪತ್ತು ವರ್ಷ ಕಳೆದಿದೆ. 2004ರಲ್ಲಿ ಪ್ರಕಟವಾದ, ಸ್ವೀಡನ್ನಿನ ವೈದ್ಯರು ಮುಂದಾಗಿ ನಡೆಸಿದ ಪರೀಕ್ಷೆಯೊಂದರಲ್ಲಿ 36 ವರ್ಷದೊಳಗಿನ 661 ಹೆಂಗಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಒಮ್ಮೆಲೇ ಎರಡು ಭ್ರೂಣ. ಇನ್ನೊಂದಕ್ಕೆ ಒಂದು, ಅದು ನಿಲ್ಲದಿದ್ದರೆ ಶೀತಲದಲ್ಲಿ ತೆಗೆದಿಟ್ಟ ಇನ್ನೊಂದನ್ನು ಮುಂದಿನ ಬಾರಿ ಬಿಡುವುದು. ಎರಡು ಬಿಟ್ಟವರಲ್ಲಿ ನೂರಕ್ಕೆ 43 ಮಂದಿಗೆ ಜೀವಂತ ಹೆರಿಗೆಯಾಯಿತು. ಒಂದೊಂದೇ ಬಿಟ್ಟವರಲ್ಲಿ 39. ಇನ್ನು ಅವಳಿಗಳ ಲೆಕ್ಕ ನೋಡಿ: ಮೊದಲ ಗುಂಪಿನಲ್ಲಿ ಹೆತ್ತವರ ಪೈಕಿ ನೂರಕ್ಕೆ 33, ಎರಡನೆಯದರಲ್ಲಿ ನೂರಕ್ಕೆ ಒಂದೂ ಇಲ್ಲ. ಅಂಗಡಿ ನಡೆಸುವವರಿಗೆ ಈ ವ್ಯಾಪಾರ ಅರ್ಥವಾಗದೆ ಇರದು. ಎರಡು ಭ್ರೂಣವೂ ಅದೇ ಹೆಂಗಸಿನವೇ, ಎಲ್ಲಿಗೂ ಹೋಗುವುದಿಲ್ಲ. ಇಂದು ಒಂದು, ಬೇಕಾದರೆ ನಾಳೆ ಇನ್ನೊಂದು. ವಯಸ್ಸು 38, 40 ಆದವರ ಲೆಕ್ಕ ಬೇರೆ, ಅಲ್ಲಿ ಡಾಕ್ಟರು ಎರಡು ಬಿಡಲು ಕಾರಣವಿರಬಹುದು. ಆದರೆ ಆ ವಯಸ್ಸಿನ ಮೈಗೆ ಅವಳಿಯ ಭಾರ ಇನ್ನೂ ಹೆಚ್ಚು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕಲ್ಲವೆ?

ಸ್ವೀಡನ್ 2003ರಿಂದ ಒಂದೇ ಭ್ರೂಣ ಎಂಬುದನ್ನು ನಿಯಮ ಮಾಡಿತು. ಬೆಲ್ಜಿಯಂ ಸರ್ಕಾರ ಅದೇ ವರ್ಷ ಜಾಣ ಒಪ್ಪಂದವೊಂದನ್ನು ಮಾಡಿಕೊಂಡಿತು: ಚಿಕಿತ್ಸೆಯ ಖರ್ಚು ಸರ್ಕಾರದ್ದು, ಆದರೆ ಎಳೆಯ ವಯಸ್ಸಿನವರಿಗೆ ಮೊದಲ ಬಾರಿ ಒಂದೇ ಭ್ರೂಣ. ಇಂಗ್ಲೆಂಡಿನಲ್ಲಿ 2008ರ ಹೊತ್ತಿಗೆ ಐವಿಎಫ್ ಹೆರಿಗೆಗಳಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಅವಳಿಯೋ ತ್ರಿವಳಿಯೋ ಆಗಿರುತ್ತಿತ್ತು. ಅಲ್ಲಿನ ನಿಯಂತ್ರಣ ಸಂಸ್ಥೆ ಬೆನ್ನು ಹತ್ತಿದ ಮೇಲೆ 2019ರ ವೇಳೆಗೆ ಅದು ನೂರಕ್ಕೆ ಆರಕ್ಕೆ ಇಳಿಯಿತು.

ಭಾರತದಲ್ಲಿ ಕಾನೂನು ಇಲ್ಲ ಎನ್ನುವಂತಿಲ್ಲ. 2019ರಲ್ಲಿ ಆಂಧ್ರದ ಗುಂಟೂರಿನಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರಿಗೆ ಐವಿಎಫ್ ಮೂಲಕ ಅವಳಿ ಹುಟ್ಟಿಸಿ ಅದನ್ನು ದಾಖಲೆಯೆಂದು ಸಂಭ್ರಮಿಸಿದ್ದು ಓದುಗರಿಗೆ ನೆನಪಿರಬಹುದು. 2021ರಲ್ಲಿ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆ ಬಂತು, 2022ರ ಜನವರಿಯಿಂದ ಜಾರಿ. ಹೆಂಗಸಿಗೆ 21ರಿಂದ 50, ಗಂಡಸಿಗೆ 21ರಿಂದ 55 ವಯಸ್ಸಿನ ಮಿತಿ ಬಂತು. ಕ್ಲಿನಿಕ್ಕುಗಳಿಗೆ ನೋಂದಣಿ ಕಡ್ಡಾಯವಾಯಿತು. ಅದಕ್ಕಿಂತ ಮುಖ್ಯವಾಗಿ, ಚಿಕಿತ್ಸೆಗೆ ಬಂದವರಿಗೆ ಅದರ ಲಾಭ, ನಷ್ಟ, ಖರ್ಚು, ಅಪಾಯಗಳನ್ನು ಮೊದಲೇ ತಿಳಿಸಬೇಕು, ಒಂದಕ್ಕಿಂತ ಹೆಚ್ಚು ಮಕ್ಕಳ ಬಸುರಿನ ಅಪಾಯವನ್ನೂ ಸೇರಿಸಿ, ಎಂದು ಕಾಯ್ದೆಯಲ್ಲಿಯೇ ಅಚ್ಚಾಗಿದೆ. ಬಾಡಿಗೆ ತಾಯ್ತನದ ನಿಯಮಗಳಲ್ಲಂತೂ ಒಂದು ಸಲಕ್ಕೆ ಒಂದೇ ಭ್ರೂಣ, ವಿಶೇಷ ಸಂದರ್ಭದಲ್ಲಿ ಮಾತ್ರ ಮೂರರವರೆಗೆ, ಎಂದು ಬರೆಯಲಾಗಿದೆ. ಒಂದೇ ಸಾಕು ಎಂಬ ವಿವೇಕ ಸರ್ಕಾರದ ಕಡತಕ್ಕೂ ಬಂದಿದೆ ಎಂದಾಯಿತು.

ಆದರೆ ತಿಳಿಸುವುದು ಎಂದರೇನು? ಇಂಗ್ಲಿಷಿನಲ್ಲಿ ಅಚ್ಚಾದ ಹತ್ತಾರು ಪುಟದ ಒಪ್ಪಿಗೆ ಪತ್ರವನ್ನು ಮುಂದಿಟ್ಟು "ಇಲ್ಲಿ, ಇಲ್ಲಿ, ಇಲ್ಲಿ ಸೈನ್ ಮಾಡಿ" ಎನ್ನುವುದೆ? ಬ್ಯಾಂಕಿನಲ್ಲಿ ಸಾಲ ತೆಗೆದವರಿಗೆ ಈ ಶಾಸ್ತ್ರ ಹೊಸದಲ್ಲ. ಅಲ್ಲಿ ಕಂತು ತಪ್ಪಿದರೆ ನೋಟೀಸು ಬರುತ್ತದೆ. ಇಲ್ಲಿ ಬರುವುದು ಏಳನೇ ತಿಂಗಳಿನಲ್ಲಿ ಮಧ್ಯರಾತ್ರಿಯ ನೋವು.

ಆ ಏಳನೇ ತಿಂಗಳು ಎಲ್ಲಿ ಕಳೆಯುತ್ತದೆ ಎಂಬುದನ್ನೂ ಯೋಚಿಸಬೇಕು. ಕೆಲವು ಕಡೆ ಸೀಮಂತ, ಕೆಲವು ಕಡೆ ಕುಬುಸ. ಹಸಿರು ಬಳೆ ತೊಡಿಸಿ, ಮಡಿಲು ತುಂಬಿ, ಚೊಚ್ಚಲ ಬಸುರಿಯನ್ನು ತವರಿಗೆ ಕಳಿಸುವುದು ಪದ್ಧತಿ. ಪದ್ಧತಿ ಒಳ್ಳೆಯದೇ, ಹೆತ್ತವಳ ಕೈ ಊಟಕ್ಕೆ ಸಮ ಯಾವುದಿದೆ? ಒಂಟಿ ಬಸುರಿಗೆ ಇನ್ನೂ ಎರಡು ತಿಂಗಳು ಸಮಯವಿರುತ್ತದೆ. ಅವಳಿ ಹೊತ್ತವಳಿಗೆ ಅಪಾಯದ ಬಾಗಿಲು ತೆರೆಯುವುದೇ ಆಗ. ಚಿಕಿತ್ಸೆಯಾದದ್ದು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ, ಗಂಡನ ಮನೆ ಜಿಲ್ಲಾ ಕೇಂದ್ರದಲ್ಲಿ, ತವರು ಇನ್ನೊಂದು ತಾಲ್ಲೂಕಿನ ಹಳ್ಳಿ. ಸ್ಕ್ಯಾನಿನ ರಿಪೋರ್ಟು ಬೀರುವಿನಲ್ಲಿ ಉಳಿದಿರುತ್ತದೆ. ತಾಯಿ ಕಾರ್ಡು ಗಂಡನ ಊರಿನದ್ದು. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲವಾದ್ದರಿಂದ ತವರಿಗೂ ಆಸ್ಪತ್ರೆಗೂ ಓಡಾಟ ಸಲೀಸಾಗಿದೆ, ಸಂತೋಷ. ಆದರೆ ರಾತ್ರಿ ಎರಡು ಗಂಟೆಗೆ ನೀರು ಹೋದರೆ ಆ ಹಳ್ಳಿಯಿಂದ ಎಳೆಗೂಸಿನ ಘಟಕವಿರುವ ಆಸ್ಪತ್ರೆ ಎಷ್ಟು ಕಿಲೋಮೀಟರು ಎಂದು ಕುಬುಸದ ದಿನ ಯಾರೂ ಕೇಳುವುದಿಲ್ಲ. ಎರಡು ಮಗು ಹೊಟ್ಟೆಯಲ್ಲಿದ್ದರೆ ಬೀಗರ ಮನೆಗಳೆರಡೂ ಕೂತು ಮೊದಲು ತೀರ್ಮಾನಿಸಬೇಕಾದದ್ದು ಈ ಕಿಲೋಮೀಟರು. ಬಾಣಂತನಕ್ಕೆ ತಾಯಿಯೇ ಮಗಳ ಮನೆಗೆ ಬಂದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ.

ಮೈಮೇಲೆ ಬಂದಾಗ ಗುರುತಿಸುವುದೂ ಗೊತ್ತಿರಬೇಕು. ಹೊಟ್ಟೆ ಮತ್ತೆ ಮತ್ತೆ ಕಲ್ಲಿನಂತೆ ಬಿಗಿಯುವುದು, ನಡು ನೋವು ಬಂದು ಹೋಗುವುದು, ನೀರು ಇಲ್ಲವೆ ರಕ್ತ ಕಾಣುವುದು, ಇವನ್ನು "ಪಿತ್ತ, ಜೀರಿಗೆ ಕಷಾಯ ಕುಡಿ" ಎಂದು ಬೆಳಗಿನವರೆಗೆ ತಳ್ಳುವಂತಿಲ್ಲ. 108ಕ್ಕೆ ಫೋನ್ ಮಾಡಿ, ಹುಟ್ಟುವುದಕ್ಕೆ ಮೊದಲೇ ದೊಡ್ಡಾಸ್ಪತ್ರೆ ಸೇರಬೇಕು. ಹುಟ್ಟಿದ ಮೇಲೆ ಒಂದೂವರೆ ಕೆ.ಜಿ.ಯ ಎರಡು ಕೂಸುಗಳನ್ನು ಟವೆಲ್ಲಿನಲ್ಲಿ ಸುತ್ತಿ ಕಾರಿನಲ್ಲಿ ಸಾಗಿಸುವುದಕ್ಕೂ, ತಾಯಿಯ ಹೊಟ್ಟೆಯಲ್ಲಿಯೇ ಸಾಗಿಸುವುದಕ್ಕೂ ಅಜಗಜಾಂತರ.

ಯಾಕೆಂದರೆ ಹುಟ್ಟುವ ಮುನ್ನ ಮಾಡಬಹುದಾದ ಒಂದು ಅಗ್ಗದ ಕೆಲಸವಿದೆ. ಡೆಕ್ಸಾಮೆಥಸೋನ್ ಎಂಬ ಇಂಜೆಕ್ಷನ್. ಹೋಟೆಲಿನ ಕಾಫಿಯ ಬೆಲೆಯ ಆಸುಪಾಸು. 12 ಗಂಟೆಗೊಮ್ಮೆಯಂತೆ ನಾಲ್ಕು ಸಲ ತಾಯಿಗೆ ಕೊಟ್ಟರೆ ಮಗುವಿನ ಶ್ವಾಸಕೋಶ ಬೇಗ ಹದಗೊಳ್ಳುತ್ತದೆ. ಈ ಬಗೆಯ ಔಷಧದ ಗುಣವನ್ನು ನ್ಯೂಜಿಲೆಂಡಿನ ವೈದ್ಯರು 1972ರಲ್ಲೇ ತೋರಿಸಿದ್ದರು. ಬಡ ದೇಶದ ಆಸ್ಪತ್ರೆಗಳಲ್ಲೂ ಇದು ನಡೆಯುತ್ತದೆಯೆ ಎಂಬ ಅನುಮಾನವಿತ್ತು. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ 2,852 ತಾಯಂದಿರ ಮೇಲೆ ಪರೀಕ್ಷೆ ನಡೆಸಿ 2020ರಲ್ಲಿ ಫಲಿತಾಂಶ ಕೊಟ್ಟಿತು. ಅದರಲ್ಲಿ ಕರ್ನಾಟಕದ ಬೆಳಗಾವಿಯೂ ಸೇರಿತ್ತು. ಇಂಜೆಕ್ಷನ್ ಸಿಗದ ಗುಂಪಿನಲ್ಲಿ ನೂರಕ್ಕೆ 23.5 ಕೂಸುಗಳು ಸತ್ತರೆ, ಸಿಕ್ಕಿದವರಲ್ಲಿ 19.6. ಅಂದರೆ ಇಂಥ 25 ತಾಯಂದಿರಿಗೆ ಸೂಜಿ ಚುಚ್ಚಿದರೆ ಒಂದು ಕೂಸು ಹೆಚ್ಚಿಗೆ ಉಳಿಯಿತು. ದೊಡ್ಡಾಸ್ಪತ್ರೆಗೆ ಕಳಿಸುವ ಮುನ್ನ ಮೊದಲ ಡೋಸನ್ನು ಉಪಕೇಂದ್ರದ ನರ್ಸಮ್ಮನೇ ಕೊಡಬಹುದೆಂದು ಕೇಂದ್ರ ಸರ್ಕಾರ 2014ರಲ್ಲಿಯೇ ಅನುಮತಿ ಕೊಟ್ಟಿದೆ. ಔಷಧ ಕಪಾಟಿನಲ್ಲಿದೆಯೋ ಇಲ್ಲವೋ ನೋಡುವ ಕೆಲಸ ತಾಲ್ಲೂಕು ಆರೋಗ್ಯಾಧಿಕಾರಿಗಳದ್ದು.

ಇನ್ನು ಜನ ನಂಬಿಕೊಂಡಿರುವ ಕೆಲವು ಉಪಾಯಗಳಿಂದ ಉಪಯೋಗವಿಲ್ಲ. ಅವಳಿ ಎಂದ ಕೂಡಲೆ ಒಂಬತ್ತು ತಿಂಗಳೂ ಮಲಗಿಸಿಬಿಡುವುದರಿಂದ ಬೇಗ ಹೆರಿಗೆಯಾಗುವುದು ತಪ್ಪುತ್ತದೆಂದು ಸಾಬೀತಾಗಿಲ್ಲ. ಎಲ್ಲ ಅವಳಿ ಬಸುರಿಯರಿಗೂ ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕುವುದೂ ಅಷ್ಟೆ. ಅದಕ್ಕಿಂತ ಮೂರನೇ ತಿಂಗಳ ಸ್ಕ್ಯಾನಿನಲ್ಲಿ ಎರಡು ಮಕ್ಕಳಿಗೂ ಮಾಸು ಒಂದೆಯೋ, ಬೇರೆ ಬೇರೆಯೋ ಎಂದು ಕೇಳಿ ಬರೆಸಿಕೊಳ್ಳುವುದು ದೊಡ್ಡ ಕೆಲಸ. ಒಂದೇ ಭ್ರೂಣ ಬಿಟ್ಟರೂ ಅಪರೂಪಕ್ಕೆ, ನೂರಕ್ಕೆ ಒಂದೆರಡರಲ್ಲಿ, ಅದೇ ಒಡೆದು ಎರಡಾಗುವುದುಂಟು. ಹೀಗೆ ಒಡೆದ ಅವಳಿಗಳು ಬಹಳ ಸಲ ಒಂದೇ ಮಾಸನ್ನು ಹಂಚಿಕೊಳ್ಳುತ್ತವೆ. ಅಂಥ ಮಕ್ಕಳಲ್ಲಿ ಒಂದರ ರಕ್ತ ಇನ್ನೊಂದಕ್ಕೆ ಹರಿದುಬಿಡುವ ಅಪಾಯವಿರುವುದರಿಂದ ನಾಲ್ಕನೇ ತಿಂಗಳಿಂದ ಎರಡು ವಾರಕ್ಕೊಮ್ಮೆ ನೋಡಬೇಕಾಗುತ್ತದೆ. ಮತ್ತೆ ಮುಹೂರ್ತದ ಹುಚ್ಚು ಒಂದಿದೆ. ಅಮಾವಾಸ್ಯೆ ಬರುತ್ತದೆ, ಅದಕ್ಕೆ ಮುಂಚೆ ಸಿಜೇರಿಯನ್ ಮಾಡಿಬಿಡಿ ಎಂದು ಪಂಚಾಂಗ ಹಿಡಿದು ಬರುವವರು. ಮಾಸು ಬೇರೆ ಬೇರೆ ಇದ್ದು, ತೊಂದರೆಯೇನೂ ಇಲ್ಲದಿದ್ದರೆ 37 ವಾರದವರೆಗೆ ಕಾಯುವುದು ವೈದ್ಯಕೀಯದ ರೂಢಿ. ಮೊದಲೇ ಬೇಗ ಬರುವ ಮಕ್ಕಳನ್ನು ಇನ್ನೂ ಎರಡು ವಾರ ಮುಂಚೆ ಎಳೆದು ತೆಗೆದರೆ ಆ ಜಾತಕ ಬರೆಯುವುದು ಐಸಿಯುನಲ್ಲಿ.

ಖರ್ಚಿನ ಮಾತಿಗೆ ಬರೋಣ. ಮಕ್ಕಳಾಗುವ ಚಿಕಿತ್ಸೆ ಆಯುಷ್ಮಾನ್ ಭಾರತದ ವಿಮೆಗೆ ಸೇರಿಲ್ಲ. ಅದು ಬಹುಪಾಲು ಖಾಸಗಿ ವ್ಯವಹಾರ, ಒಂದು ಬಾರಿಯ ಐವಿಎಫ್‌ಗೆ ಲಕ್ಷಕ್ಕೂ ಮೇಲೆ. ಒಬ್ಬ ಕಿರಾಣಿ ಅಂಗಡಿಯವನು ಚೀಟಿ ಎತ್ತಿ ಆ ದುಡ್ಡು ಕಟ್ಟಿದನೆನ್ನಿ. ಹೆಂಡತಿ ಬಸುರಾದಳು, ಕ್ಲಿನಿಕ್ಕಿನ ಪುಸ್ತಕದಲ್ಲಿ ಒಂದು ಯಶಸ್ಸು ಏರಿತು, ಅವರ ಕೆಲಸ ಅಲ್ಲಿಗೆ ಮುಗಿಯಿತು. 32 ವಾರಕ್ಕೆ ಎರಡು ಕೂಸು ಹುಟ್ಟಿದರೆ ಖಾಸಗಿ ಆಸ್ಪತ್ರೆಯಲ್ಲಿ ಒಂದೊಂದು ಕೂಸಿಗೂ ದಿನಕ್ಕೆ ಸಾವಿರಗಳ ಬಿಲ್ಲು, ತಿಂಗಳೊಪ್ಪತ್ತು ಇರಬೇಕಾದೀತು. ಅಂಗಡಿಯ ಮಾಲು ಕರಗಿದ ಮೇಲೆ ಅವನು ಬರುವುದು ಜಿಲ್ಲಾಸ್ಪತ್ರೆಯ ಎಳೆಗೂಸಿನ ಘಟಕಕ್ಕೇ. ಅಲ್ಲಿ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಚಿಕಿತ್ಸೆ ಉಚಿತ. ಇರುವ ಹಾಸಿಗೆ ಎಣಿಸಿದಷ್ಟೇ. ಹಳ್ಳಿಯಿಂದ ಬಂದ ಇನ್ನೊಂದು ಬಡ ಕೂಸೂ ಅದೇ ಹಾಸಿಗೆಗೆ ಕಾದಿರುತ್ತದೆ. ಭಾರತದಲ್ಲಿ 2020ರಲ್ಲಿ ಅವಧಿಗೆ ಮುಂಚೆ ಹುಟ್ಟಿದ ಮಕ್ಕಳು 30 ಲಕ್ಷ, ಜಗತ್ತಿನಲ್ಲೇ ಹೆಚ್ಚು. ಲಾಭ ಖಾಸಗಿಗೆ, ಹೊರೆ ಸರ್ಕಾರದ ವಾರ್ಡಿಗೆ ಎಂಬ ಈ ಲೆಕ್ಕವನ್ನು ಯಾವ ಆರೋಗ್ಯ ಮಂತ್ರಿಯೂ ಇದುವರೆಗೆ ಸದನದಲ್ಲಿ ಬಿಡಿಸಿ ಇಟ್ಟಂತೆ ಕಾಣೆ.

ಹುಟ್ಟಿಯೇ ಬಿಟ್ಟ ಮಕ್ಕಳಿಗೆ ಕರ್ನಾಟಕದಲ್ಲಿ ಒಳ್ಳೆಯ ದಾರಿಗಳು ಇಲ್ಲದಿಲ್ಲ. ಕೊಪ್ಪಳ ಜಿಲ್ಲೆಯಲ್ಲಿ ಕಾಂಗರೂ ಆರೈಕೆಯನ್ನು ಸರ್ಕಾರಿ ಆಸ್ಪತ್ರೆಯಿಂದ ಹಿಡಿದು ಮನೆಯವರೆಗೆ ತಲುಪಿಸುವ ಕೆಲಸ ನಡೆದಿದೆ. ಕೂಸನ್ನು ಬರಿ ಮೈಯಲ್ಲಿ ಎದೆಗೆ ಒತ್ತಿ ಕಟ್ಟಿಕೊಳ್ಳುವುದು, ಎದೆಹಾಲು ಕೊಡುವುದು, ಇಷ್ಟೇ ಅದರ ಗುಟ್ಟು. 1 ಕೆ.ಜಿ.ಯಿಂದ 1.8 ಕೆ.ಜಿ. ತೂಕದ ಮಕ್ಕಳಿಗೆ ಹುಟ್ಟಿದ ಕೂಡಲೆ ಇದನ್ನು ಶುರುಮಾಡಿದರೆ ಸಾವು ಕಾಲು ಭಾಗದಷ್ಟು ಇಳಿಯುತ್ತದೆಂದು 2021ರಲ್ಲಿ ಪ್ರಕಟವಾದ, ದೆಹಲಿಯ ಆಸ್ಪತ್ರೆಯೂ ಸೇರಿದ್ದ ಪರೀಕ್ಷೆ ತೋರಿಸಿತು. ಅವಳಿಯಾದರೆ ಎದೆ ಎರಡು ಬೇಕು. ಒಂದು ತಾಯಿಯದು, ಇನ್ನೊಂದು ಅಪ್ಪನದೋ ಅಜ್ಜಿಯದೋ. ಮೀಸೆ ಹೊತ್ತ ಗಂಡಸು ವಾರ್ಡಿನಲ್ಲಿ ಅಂಗಿ ಬಿಚ್ಚಿ ಕೂಸನ್ನು ಕಟ್ಟಿಕೊಂಡು ಕೂರಲು ನಾಚಿದರೆ ನರ್ಸುಗಳು ಗದರಿಸಲಿ.

ಕಣ್ಣಿನ ಮಾತನ್ನು ಮರೆಯುವಂತಿಲ್ಲ. ದಿನ ತುಂಬದೆ ಹುಟ್ಟಿ ಆಮ್ಲಜನಕದಲ್ಲಿ ಇದ್ದ ಮಕ್ಕಳ ಕಣ್ಣಿನ ಹಿಂಪೊರೆ ಕೆಡುವುದುಂಟು. ಹೊರಗಿನಿಂದ ಏನೂ ಕಾಣದು. 34 ವಾರದೊಳಗೆ ಅಥವಾ 2 ಕೆ.ಜಿ.ಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಮಗುವಿಗೆ 30 ದಿನ ತುಂಬುವುದರೊಳಗೆ ಕಣ್ಣಿನ ಪರೀಕ್ಷೆ ಆಗಬೇಕು. ತೀರ ಎಳೆಯದಾದರೆ ಇನ್ನೂ ಬೇಗ. ಸಕಾಲಕ್ಕೆ ಲೇಸರ್ ಮಾಡಿದರೆ ದೃಷ್ಟಿ ಉಳಿಯುತ್ತದೆ, ತಡವಾದರೆ ಜೀವನಪೂರ್ತಿ ಕತ್ತಲೆ. ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆಯಲ್ಲಿ ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಆಸ್ಪತ್ರೆಗಳಿಗೇ ಹೋಗಿ ಕೂಸುಗಳ ಕಣ್ಣಿನ ಚಿತ್ರ ತೆಗೆದು ತಜ್ಞರಿಗೆ ಕಳಿಸುತ್ತಾ ಬಂದಿದ್ದಾರೆ. ಡಿಸ್ಚಾರ್ಜ್ ಚೀಟಿಯಲ್ಲಿ ಕಣ್ಣಿನ ಪರೀಕ್ಷೆಯ ತಾರೀಖು ಬರೆದಿದೆಯೆ ಎಂದು ನೋಡದೆ ಯಾರೂ ವಾರ್ಡಿನಿಂದ ಹೊರಡಬಾರದು. ಎರಡು ಮಕ್ಕಳಿದ್ದರೆ ಎರಡಕ್ಕೂ ಬೇರೆ ಬೇರೆ ಬರೆಸಬೇಕು. ಒಂದಕ್ಕೆ ತೋರಿಸಿ, ಎರಡೂ ಒಂದೇ ಥರ ಇವೆಯಲ್ಲ ಎಂದು ಸುಮ್ಮನಾಗಬಾರದು.

ಜಿಲ್ಲಾ ಆಡಳಿತಕ್ಕೆ ಇದರಲ್ಲಿ ಮಾಡಲು ದೊಡ್ಡ ಯೋಜನೆಯೇನೂ ಬೇಕಿಲ್ಲ. ಮಕ್ಕಳಾಗುವ ಚಿಕಿತ್ಸೆಯ ಪ್ರತಿ ಕ್ಲಿನಿಕ್ಕಿನ ನೋಂದಣಿ ಪತ್ರ ಗೋಡೆಯ ಮೇಲೆ ತೂಗಬೇಕು. ಎಷ್ಟು ಭ್ರೂಣ ಬಿಡುತ್ತೇವೆ, ಎರಡು ಬಿಟ್ಟರೆ ಅವಳಿಯ ಸಂಭವ ಎಷ್ಟು, ಅವಳಿಯಾದರೆ ಬೇಗ ಹುಟ್ಟುವ ಸಂಭವ ಎಷ್ಟು ಎಂಬುದನ್ನು ಕನ್ನಡದಲ್ಲಿ, ಒಂದೇ ಹಾಳೆಯಲ್ಲಿ, ಒಪ್ಪಿಗೆ ಪತ್ರಕ್ಕಿಂತ ಮೊದಲು ಕೈಗೆ ಕೊಡಬೇಕು. ಮನೆಗೆ ತೆಗೆದುಕೊಂಡು ಹೋಗಿ ಓದಿ, ನಾಲ್ಕು ಜನರನ್ನು ಕೇಳಿ ಬರಲು ಬಿಡಬೇಕು. ಆಶಾ ಕಾರ್ಯಕರ್ತೆಯರು ತಾಯಿ ಕಾರ್ಡಿನ ಮೇಲೆ ಅವಳಿ ಎಂದು ಕೆಂಪು ಮಸಿಯಲ್ಲಿ ಬರೆದು, ಹತ್ತಿರದ ಎಳೆಗೂಸಿನ ಘಟಕದ ಫೋನ್ ನಂಬರನ್ನು ಅದರ ಕೆಳಗೇ ಬರೆಯಲಿ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ತಪಾಸಣೆ ಉಚಿತವಾಗಿ ನಡೆಯುತ್ತದೆ. ಖಾಸಗಿಯಲ್ಲಿ ಚಿಕಿತ್ಸೆ ಪಡೆದವರು ಅಲ್ಲಿಗೆ ಹೋಗಬಾರದೆಂದೇನೂ ಇಲ್ಲ. ಮುಂದಿನ 9ಕ್ಕೆ ಅವಳಿ ಬಸುರಿಯರಿಗೆಂದೇ ಒಂದು ಸಾಲು ಮಾಡಿ, ಸ್ಕ್ಯಾನ್ ರಿಪೋರ್ಟಿನೊಂದಿಗೆ ಅವರನ್ನು ಕರೆಸುವ ಸುತ್ತೋಲೆಯನ್ನು ಜಿಲ್ಲಾ ಆರೋಗ್ಯಾಧಿಕಾರಿಗಳು ಈ ವಾರವೇ ಹೊರಡಿಸಬಹುದು.